ಚುಕ್ಕಿಯಾಗಿಯೇ ಉಳಿದ ಗಡಿ

ನಮ್ಮ ಮೇಡಂ ಬೇಕೆಂದಾಗ ಮೆಳ್ಳೆಗಣ್ಣು ಮಾಡಿಕೊಳ್ಳುತ್ತಿದ್ದರು. ವಿಮಾನದಿಂದ ತೆಗೆದ ಎರಡು ಕಪ್ಪುಬಿಳುಪು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಕಣ್ಣೆರಡನ್ನೂ ಮೂಗಿನ ಕಡೆ ತಿರುಗಿಸಿ ಕೂತರೆ, ಚಿತ್ರಗಳು ಒಂದಾಗಿ ಕರಿಘಟ್ಟ ಅವರೆದುರು ಎದ್ದು ನಿಲ್ಲುತ್ತಿತ್ತಂತೆ. ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. "ನಗಿ, ನಗಿ. ನಿಮಗೆ ತಲೆನೋವು ಬರುತ್ತೆ, ನನಗೆ ಬೆಟ್ಟ ಕಾಣುತ್ತೆ," ಅನ್ನುತ್ತಿದ್ದರು.

ತೊಂಬತ್ತರ ದಶಕದ ಮಾತು. ಅವರು ಪಾಂಡವಪುರದ ಶಾಲೆಯಲ್ಲಿ ನನಗೆ ಭೂಗೋಳ ಕಲಿಸಿದವರು; ನಾನೂ ಆಗಷ್ಟೇ ಅಲ್ಲೇ ಪಾಠ ಹೇಳಲು ಸೇರಿದ್ದೆ. ಭಾನುವಾರ ಬಂತೆಂದರೆ ಶ್ರೀರಂಗಪಟ್ಟಣದಿಂದ ಛತ್ರಿ ಹಿಡಿದು ಬಸ್ಸು ಹತ್ತಿ ಬಂದುಬಿಡುವರು. ಹಳೇ ಬಂಡಿದಾರಿ, ಹಳೇ ಹೊಲದ ಗಡಿ ಹುಡುಕುವುದಕ್ಕೆ ನನ್ನ ನಿದ್ದೆ ಹಾಳು.

ಅನುಮತಿಗಾಗಿ ಅಲೆದಲೆದು ತಂದ ಅಂಥವೇ ಬೇರೆರಡು ಚಿತ್ರಗಳಲ್ಲಿ, ನಾಗಮಂಗಲದ ಕಡೆಯ ಒಂದೂರಿನ ಹೊಲಗಳ ನಡುವೆ ತೆಳುವಾದ ಗೆರೆಯೊಂದು ಬಾಗಿ ಹೋಗಿತ್ತು. ಈಗಿನ ಬದುಗಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅರಸರ ಕಾಲದಲ್ಲಿ ದೇವಸ್ಥಾನಕ್ಕೆ ಬಿಟ್ಟ ಭೂಮಿಯ ಗಡಿ ಅದು ಎಂದು ಮೇಡಂ ಎಣಿಕೆ. ಹೋಗಿ ವಿಚಾರಿಸಿದರೆ, ರಾಗಿ ಪೈರಿನೊಳಗೆ ಚಕ್ರ ಕೆತ್ತಿದ ಕಲ್ಲೊಂದಿದೆ ಎಂದರು ಹೊಲದ ಗೌಡರು. ದೇವರ ಭೂಮಿಯ ಅಂಚಿಗೆ ನೆಡುತ್ತಿದ್ದ ಗಡಿಕಲ್ಲೇ! ಅದು ಗೆರೆಯ ಮೇಲೆ ನಿಂತಿದ್ದರೆ ವರ್ಷಗಟ್ಟಲೆಯ ಅಲೆದಾಟ ಸಾರ್ಥಕ. ಪೈರು ತುಳಿಯುವುದು ಬೇಡ, ಕಟಾವಾದ ಮೇಲೆ ಬಂದು ಅಳೆಯುತ್ತೇವೆ ಎಂದು ಮೇಡಂ ಹೇಳಿ ಬಂದರು.

ಕಟಾವಾದ ಮೇಲೆ ಹೋದಾಗ ಕಲ್ಲು ಗೌಡರ ಜಗಲಿಯ ಮೇಲೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು!

"ಅಮ್ಮಾರು ಬಿಸಿಲಲ್ಲಿ ಅಷ್ಟು ದೂರ ಯಾಕ್ ನಡೀಬೇಕು ಅಂತ ಎತ್ತಿಸ್ಕೊಂಡು ಬಂದ್ಬುಟ್ಟೆ ಕಣವ್ವ. ಎಂಗದೆ?" ಎಂದು ಗೌಡರು ಮುಖ ಅರಳಿಸಿಕೊಂಡು ನನ್ನನ್ನು ಕೇಳಿದರು. ಹೊಲಕ್ಕೆ ಆಗಲೇ ಟ್ರಾಕ್ಟರು ಹೊಡೆಸಿಯಾಗಿತ್ತು. ಕಲ್ಲು ಎಲ್ಲಿತ್ತು ಎಂದರೆ ಗೌಡರು ಹುಣಸೆಮರದ ಕಡೆ ಕೈ ತೋರಿಸಿದರು. "ಅಲ್ಲಲ್ಲ, ಬಾವಿ ಮಗ್ಗುಲ್ಗಿತ್ತು. ನೀವ್ ಸುಮ್ಕಿರಿ," ಎಂದರು ಅವರ ಹೆಂಡತಿ.

ನನಗೆ ಮೈಯೆಲ್ಲ ಉರಿದುಹೋಯಿತು. ಗಡಿಕಲ್ಲು ಜಾಗ ಬಿಟ್ಟರೆ ಬರೀ ಕಲ್ಲು, ಅಷ್ಟೇ. ಮೇಡಂ ಮುಖವೂ ಒಂದು ಗಳಿಗೆ ಬಿಳಿಚಿತು. ಆಮೇಲೆ, "ಎಷ್ಟು ಚೆನ್ನಾಗಿ ತೊಳೆದಿದ್ದೀರಿ ಗೌಡ್ರೇ! ಮಜ್ಜಿಗೆ ಇದ್ರೆ ಕೊಡಿ," ಎಂದರು.

ಬಸ್ಸಿಗೆ ಕಾಯುವಾಗ ನಾನು ತಡೆಯಲಾರದೆ, "ಗೆರೆ ಮೇಲೇ ಇತ್ತು ಅಂತ ಬರೆದುಬಿಡಿ ಮೇಡಂ. ಯಾರು ಬಂದು ನೋಡ್ತಾರೆ?" ಎಂದೆ.

"ಯಾರೂ ನೋಡಲ್ಲ ಕಣೇ. ಅದಕ್ಕೇ ಬರೀಬಾರದು."

ಅವರ ನಕ್ಷೆಯಲ್ಲಿ ಆ ಗಡಿ, ಖಚಿತವಾಗದ್ದೆಂದು, ಚುಕ್ಕಿಗೆರೆಯಾಗಿಯೇ ಉಳಿಯಿತು. ಕಲ್ಲು ಕಿತ್ತದ್ದರಿಂದ ಏನು ಕೆಟ್ಟಿತೆಂದು ಗೌಡರಿಗೆ ಮಾತ್ರ ಮೇಡಂ ಕೊನೆಯವರೆಗೂ ತಿಳಿಯಗೊಡಲಿಲ್ಲ. ಪ್ರತಿ ವರ್ಷ ಗೌಡರ ಹೊಲದಿಂದ ಅವರೆಕಾಯಿ ಬರುತ್ತಿತ್ತು, ಅದರಲ್ಲಿ ನನಗೂ ಒಂದು ಪಾಲು.

ಮೇಡಂ ತೀರಿಕೊಂಡ ಸುದ್ದಿ ಹೇಳಲು ನಾನೇ ಹೋದೆ. ಗೌಡರು ಜಗಲಿಯಲ್ಲಿ ಆ ಕಲ್ಲಿನ ಪಕ್ಕ ಕುಸಿದು ಕೂತರು. "ನನ್ನಿಂದ ಅಮ್ಮಾರ್ಗೆ ಒಂದು ಉಪಕಾರನಾದ್ರೂ ಆಯ್ತಲ್ವೇನವ್ವ?" ಎಂದರು.



"ಆಯ್ತು ಗೌಡ್ರೇ," ಎಂದೆ. "ಮಜ್ಜಿಗೆ ಇದ್ರೆ ಕೊಡಿ."