ಮೊಳೆ ಚಪ್ಪಲಿಯ ಅಮರೇಶಪ್ಪ

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯಿಂದ ‘ಖಚ್ ಖಚ್’ ಎಂದು ಸದ್ದು ಬಂತೆಂದರೆ ಅಮರೇಶಪ್ಪನವರು ಹುಲ್ಲಿನ ಮೇಲೆ ನಡೆಯುತ್ತಿದ್ದಾರೆ ಎಂದೇ ಅರ್ಥ. ಟೈರಿನ ಚಪ್ಪಲಿಗೆ ತಾವೇ ಉದ್ದುದ್ದ ಮೊಳೆ ಹೊಡೆದುಕೊಂಡು, ಕೊಕ್ಕರೆಯ ಹಾಗೆ ಕಾಲೆತ್ತಿ ಇಡುತ್ತ ಅಂಗಳವನ್ನೆಲ್ಲ ಚುಚ್ಚುವರು. ಹೈದರಾಬಾದಿನ ಕಾಂಚನಬಾಗಿನ ನಮ್ಮ ಕ್ವಾರ್ಟರ್ಸಿನಲ್ಲಿ ನಗದವರೇ ಇರಲಿಲ್ಲ. ನಾನಂತೂ ಚಹಾ ಲೋಟ ಹಿಡಿದು ಗೋಡೆಗೊರಗಿ ನಿಂತೇ ನೋಡುತ್ತಿದ್ದೆ.

ಅವರು ಕಾರ್ಖಾನೆಯಲ್ಲಿ ಫಿಟ್ಟರ್, ಸಿಂಧನೂರು ಕಡೆಯ ಎರೆ ನೆಲದವರು. ಅಲ್ಲಿ ಬೇಸಿಗೆ ಬಂದರೆ ಭೂಮಿ ಕೈ ಹೋಗುವಷ್ಟು ಬಿರಿಯುತ್ತದೆ, ಮೊದಲ ಮಳೆ ಗಟಗಟ ಒಳಗಿಳಿಯುತ್ತದೆ. ಇಲ್ಲಿಯ ಸಣ್ಣಗಲ್ಲು ತುಂಬಿದ ಗರಸು ನೆಲ ಬಿರಿಯುವುದೇ ಇಲ್ಲ ಎಂಬುದು ಅವರ ಚಿಂತೆ.

“ಬಾಯಿ ಬಿಡದ ನೆಲಕ್ಕ ನೀರು ಹ್ಯಾಂಗ ಕುಡಸೂದ್ರಿ, ಅಕ್ಕಾರ? ಒಂದ್ ವಾರ ತಪ್ಪಿದ್ರ ಬೇರು ಉಸಿರುಕಟ್ಟಿ ಸಾಯತಾವ” ಎನ್ನುವರು.

“ವಾರಕ್ಕೊಮ್ಮೆ ಮೈಯೆಲ್ಲ ಚುಚ್ಚಿದ್ರ ನಾನೂ ಸಾಯತೀನಿ” ಎಂದು ಅವರ ಹೆಂಡತಿ ಶಿವದೇವಿ ಒಳಗಿನಿಂದಲೇ ಕೂಗುವಳು.

ಆ ವರ್ಷದ ಕೊನೆಗೆ ಅವರ ನಿವೃತ್ತಿ, ಕ್ವಾರ್ಟರ್ಸ್ ಖಾಲಿ ಮಾಡಬೇಕು. ಮಗಳು ಗುಣವತಿ ನಡೆಯಲು ಕಲಿತದ್ದು ಇದೇ ಹುಲ್ಲಿನ ಮೇಲೆ. ಬಳ್ಳಾರಿಯಿಂದ ಫೋನು ಮಾಡಿ, “ಅಪ್ಪಾ, ನನ್ನ ಮಗಳೂ ಅಲ್ಲೇ ಮೊದಲನೇ ಹೆಜ್ಜಿ ಇಡಬೇಕು, ದಸರಾಕ್ಕ ಕರಕೊಂಡ್ ಬರ್ತೀನಿ” ಎಂದಿದ್ದಳು. ಅಂದಿನಿಂದ ಅಮರೇಶಪ್ಪನವರು ಆ ಹುಲ್ಲನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು.

ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆಯ ದಿನ ಹಸಿ ನೆಲದಲ್ಲಿ ಮೊಳೆ ಸಿಕ್ಕಿಕೊಂಡಿತು. ಮನುಷ್ಯ ಮುಂದೆ ಹೋದರು, ಚಪ್ಪಲಿ ಬರಲಿಲ್ಲ. ಕಣಕಾಲು ಮುರಿಯಿತು. ಶಿವದೇವಿ ಆ ಚಪ್ಪಲಿಗಳನ್ನು ಅಂದೇ ಗುಜರಿಯವನಿಗೆ ಎತ್ತಿ ಕೊಟ್ಟಳು.

ಪ್ಲಾಸ್ಟರು ಹಾಕಿಕೊಂಡು ಅವರು ಒಳಕೋಣೆಯಲ್ಲೇ ಮಲಗಿದರು. ಹುಲ್ಲು ಚೆನ್ನಾಗಿದೆ ಎಂದು ನಾವು ಹೇಳಿದರೆ ಸಮಾಧಾನಕ್ಕೆ ಹೇಳುತ್ತೀರಿ ಎನ್ನುವರು. ಕಿಟಕಿಯ ಪರದೆ ಸರಿಸಲೂ ಬಿಡಲಿಲ್ಲ.

“ಸತ್ತಿದ್ದು ನೋಡಾಕ ನನ್ನ ಕಡಿಂದ ಆಗಂಗಿಲ್ರಿ. ಕೂಸಿನ ಕಾಲಿಗೆ ಬರೇ ಗರಸು ಚುಚ್ಚತೈತಿ” ಎಂದು ಒಂದು ದಿನ ಅತ್ತೇಬಿಟ್ಟರು. ನನ್ನ ನಗು ಎಲ್ಲಿ ಹೋಯಿತೋ.

ದಸರೆಗೆ ಗುಣವತಿ ಕೂಸಿನೊಂದಿಗೆ ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದಳು. ಪ್ಲಾಸ್ಟರು ಬಿಚ್ಚಿಯಾಗಿತ್ತು, ಆದರೆ ಆಸ್ಪತ್ರೆಗೆ ಹೋಗಿ ಬರುವಾಗಲೂ ಅವರು ತಲೆ ತಗ್ಗಿಸಿಯೇ ಅಂಗಳ ದಾಟಿದ್ದರು. ಮಗಳೇ ಅಪ್ಪನ ತೋಳು ಹಿಡಿದು ಹೊರಗೆ ಕರೆತಂದಳು. ಅವರು ಬಾಗಿಲಲ್ಲಿ ನಿಂತು ನಿಧಾನವಾಗಿ ತಲೆ ಎತ್ತಿದರು.

ಅಂಗಳದ ತುಂಬ ಹಚ್ಚಹಸಿರು ದಟ್ಟ ಹುಲ್ಲು. ಗೇಟಿನಿಂದ ಮೆಟ್ಟಿಲವರೆಗೆ ಎಲ್ಲರೂ ತುಳಿಯುವ, ಹಾಲಿನವನು ಸೈಕಲ್ ನಿಲ್ಲಿಸುವ ಪಟ್ಟಿ ಮಾತ್ರ ಬೋಳಾಗಿ ಕಲ್ಲಿನಂತೆ ಗಟ್ಟಿಯಾಗಿತ್ತು. ಅಮರೇಶಪ್ಪನವರು ನೆಲಕ್ಕೆ ಕೂತು ಹುಲ್ಲು ಸರಿಸಿ ನೋಡಿದರು. ಬುಡದಲ್ಲೆಲ್ಲ ಎರೆಹುಳು ಎತ್ತಿ ಹಾಕಿದ ಸಣ್ಣ ಸಣ್ಣ ಮಣ್ಣಿನ ಗುಳಿಗೆಗಳು.

“ಇವು ಯಾವಾಗಿಂದ ನೆಲಕ್ಕ ತೂತು ಹಾಕೋ ಈ ಕೆಲಸ ಮಾಡಾಕತ್ತಾವೋ! ನಾ ಸುಮ್ನ ಅಡ್ಡ ಬಂದೀನಿ” ಎಂದರು.

ಅಷ್ಟರಲ್ಲಿ ಕೂಸು ಅವರ ಭುಜ ಹಿಡಿದು ಎದ್ದು ನಿಂತಿತು, ಕೈ ಬಿಟ್ಟಿತು, ಒಂದು ಹೆಜ್ಜೆ ಇಟ್ಟು ಧೊಪ್ಪನೆ ಬಿತ್ತು. ಅದು ಹುಲ್ಲಿನಲ್ಲಿ ಕೈಯೂರಿ ಕಿಲಕಿಲ ನಕ್ಕಿತು. ಶಿವದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಆ ತುಳಿಯೋ ಪಟ್ಟಿ ಒಂದನ್ನ ವರ್ಷಕ್ಕೊಮ್ಮೆ ಸಡಲ ಮಾಡಿಸ್ರಿ, ಅಕ್ಕಾರ. ಮುಂದ ಬರೋರಿಗೂ ಹೇಳ್ರಿ” ಎಂದರು ಅಮರೇಶಪ್ಪ. ಆಮೇಲೆ ಕೂಸಿನ ಪಕ್ಕದಲ್ಲೇ ಅಂಗಾತ ಮಲಗಿ, ಗೆದ್ದವರ ಹಾಗೆ ಜೋರಾಗಿ ಹೇಳಿದರು:

“ಉಳದ ಹುಲ್ಲು ನಾ ಇಲ್ದಿದ್ರೂ ಬದುಕತೈತಿ. ಇನ್ನ ಈ ಮನಿ ಬಿಟ್ಟು ಆರಾಮ ಹೋಗತೀನಿ.”