ಬಿಸಿನೀರಕ್ಕ ಬರೆದಿಟ್ಟ ತಪ್ಪು

ಬೆಳಕು ಹರಿಯುವ ಮುಂಚೆಯೇ ಬಿಸಿನೀರಕ್ಕ ಹಲಗೆ ಹಾದಿಯ ಮೇಲೆ ಮಂಡಿಯೂರಿದ್ದಾರೆ. ಎದುರಿಗೆ ಬಿಸಿನೀರಿನ ಬುಗ್ಗೆ, ಮುಖಕ್ಕೆ ಕೊಳೆತ ಮೊಟ್ಟೆ ವಾಸನೆಯ ಹಬೆ. ಕೋಲಿಗೆ ಕಟ್ಟಿದ ಥರ್ಮಾಮೀಟರನ್ನು ನೀರಿಗಿಳಿಸಿ, ನೂರು ಎಣಿಸಿ, ಕನ್ನಡಕ ಒರೆಸಿಕೊಂಡು ಓದುತ್ತಾರೆ. ಎಪ್ಪತ್ತೆಂಟು. ಏನೋ ಗೊಣಗಿಕೊಂಡು ಪುಸ್ತಕದಲ್ಲಿ ಬರೆಯುತ್ತಾರೆ.

ದಿನಕ್ಕೆ ಹನ್ನೊಂದು ಹೊಂಡ, ಪರೀಕ್ಷೆಗೆ ಇಪ್ಪತ್ತೆರಡು ಸೀಸೆ ನೀರು. ಈ ಬುಗ್ಗೆಗಳನ್ನು ಅಧ್ಯಯನ ಮಾಡುವ ಸಂಶೋಧಕಿಯೊಬ್ಬರ ಪ್ರಯೋಗಾಲಯದಲ್ಲಿ ಕಸ ಗುಡಿಸುತ್ತಿದ್ದವರಿಗೆ ಈ ಕೆಲಸ ಗಂಟುಬಿದ್ದು ಹದಿನಾಲ್ಕು ವರ್ಷವಾಯಿತು. ಬೇರೆ ಯಾರೂ ಬರಲೊಪ್ಪಲಿಲ್ಲ. ಮೂರನೇ ವರ್ಷ ಕಾಲಡಿಯ ನೆಲ ಕುಸಿದು ಎಡಗಾಲಿನ ಎರಡು ಬೆರಳು ಬೆಂದುಹೋದವು. ಜೊತೆಗಿರುವ ತಂಗಿಯ ದೂರು ಬೇರೆ: ಕಟ್ಟಿಕೊಂಡ ಗಂಡನಿಗೂ ಅಕ್ಕ ಇಷ್ಟು ಸಲ ಜ್ವರ ನೋಡಿದವಳಲ್ಲವಂತೆ.

ನೀರು ಹರಿಯುತ್ತಾ ತಣಿಯುತ್ತದೆ, ತಣಿದಂತೆ ಅದರಲ್ಲಿ ಬದುಕುವ ಬ್ಯಾಕ್ಟೀರಿಯಾಗಳೂ ಬದಲಾಗುತ್ತವೆ. ಎಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ ಹಸಿರು, ಅರವತ್ತಕ್ಕೆ ಕಿತ್ತಳೆ. ಬುಗ್ಗೆಯ ಬಾಯಲ್ಲಿ, ಆಗಿನ ಎಂಬತ್ಮೂರರಲ್ಲಿ, ಗುಲಾಬಿ ಎಳೆಗಳಿದ್ದವು. ಉಳಿದ ಹತ್ತು ಹೊಂಡಗಳಲ್ಲಿ ಹುಡುಕಿದರೂ ಆ ಗುಲಾಬಿ ಸಿಗುತ್ತಿರಲಿಲ್ಲ. “ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡಲ್ಲ. ನಮಗಿಂತ ಮರ್ಯಾದಸ್ಥರು,” ಎನ್ನುತ್ತಾರೆ ಅಕ್ಕ.

ಮೂರು ವರ್ಷದ ಹಿಂದೆ ಮೇಲಿನ ಗುಡ್ಡದಲ್ಲಿ ಒಂದು ಕಾರ್ಖಾನೆಯವರು ಕೊಳವೆ ಇಳಿಸಿ ಬಿಸಿನೀರು ಎಳೆಯತೊಡಗಿದರು. ಬುಗ್ಗೆ ಡಿಗ್ರಿ ಡಿಗ್ರಿಯಾಗಿ ತಣ್ಣಗಾಯಿತು. ಗುಲಾಬಿ ಎಳೆಗಳು ಸೊರಗಿ ಅಂಗೈಯಗಲಕ್ಕೆ ಬಂದವು. ಪ್ರಯೋಗಾಲಯದವರು ಅಕ್ಕನ ಅಂಕಿಗಳನ್ನು ಕಳಿಸಿದರೆ, ಥರ್ಮಾಮೀಟರ್ ಕೆಟ್ಟಿರಬೇಕು ಎಂದು ಕಾರ್ಖಾನೆಯಿಂದ ಉತ್ತರ ಬಂತು. ಎಂಥಾ ದಪ್ಪ ಚರ್ಮ!

ಕಳೆದ ಚಳಿಗಾಲದಲ್ಲಿ ಅಕ್ಕನಿಗೆ ತಡೆಯಲಾಗಲಿಲ್ಲ. ನಲ್ಲಿ ನೀರನ್ನು ಕುದಿಸಿ, ದಿನಾ ಬೆಳಗ್ಗೆ ಎರಡು ಕೆಟಲ್ ಆ ಎಳೆಗಳ ಮೇಲೆ ಸುರಿದರು. ಕಾಯಿಲೆಯವರಿಗೆ ಗಂಜಿ ಕುಡಿಸಿದ ಹಾಗೆ, ಹತ್ತೊಂಬತ್ತು ದಿನ. ಇಪ್ಪತ್ತನೆಯ ದಿನ ಎಳೆಗಳು ಬಿಳಿಚಿಕೊಂಡು, ಕಿತ್ತು, ನೀರಿನೊಂದಿಗೆ ಹೋಗಿಬಿಟ್ಟವು. ಅಕ್ಕ ಅಲ್ಲೇ ಹಲಗೆಯ ಮೇಲೆ ಕೂತು ಅತ್ತರು.

ಯಾರೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿರು, ತಪ್ಪು ಕಾರ್ಖಾನೆಯ ತಲೆಗೇ ಹೋಗುತ್ತದೆ ಎಂದು ತಂಗಿ ಬುದ್ಧಿ ಹೇಳಿದಳು. ಅಕ್ಕ ಕೇಳಲಿಲ್ಲ. ಹತ್ತೊಂಬತ್ತು ದಿನದ ಲೆಕ್ಕವನ್ನೂ ಬರೆದು ಸಂಶೋಧಕಿಯ ಮುಂದಿಟ್ಟರು.

ಸಂಶೋಧಕಿ ಆ ಪುಟವನ್ನು ಎರಡು ಸಲ ಓದಿದರಂತೆ. ಕೊನೆಗೆ ಬಿಡಿಸಿ ಹೇಳಿದರು: ಅವುಗಳಿಗೆ ಬಿಸಿಯೊಂದೇ ಸಾಲದು, ಆ ನೆಲದ ಗಂಧಕ ಬೇಕು, ಉಪ್ಪು ಬೇಕು; ನಲ್ಲಿ ನೀರಿನಲ್ಲಿ ಅದ್ಯಾವುದೂ ಇಲ್ಲ. “ಅಕ್ಕಾ, ನೀವು ಸುರಿಯದಿದ್ರೂ ಅವು ಬಹಳ ದಿನ ಇರ್ತಿರಲಿಲ್ಲ,” ಎಂದೂ ಸೇರಿಸಿದರು. ಆ ಮಾತು ಅಕ್ಕನ ಮನಸ್ಸಿಗೆ ಇಳಿದಿಲ್ಲ.

ಬುಗ್ಗೆ ತಣಿದ ಬಗ್ಗೆ ಈಗ ವಿಚಾರಣೆ ನಡೆಯುತ್ತಿದೆ, ಅಕ್ಕನ ಪುಸ್ತಕವೂ ಅಲ್ಲಿಗೆ ಹೋಗಿದೆ; ಕಾರ್ಖಾನೆಯವರು ಹೋದಲ್ಲೆಲ್ಲ ಅದೊಂದೇ ಪುಟದ ನಕಲು ಹಿಡಿದು ತಿರುಗುತ್ತಿದ್ದಾರೆ. ಕೊಂದದ್ದು ನಾವಲ್ಲ, ನಿಮ್ಮ ಹೆಂಗಸೇ ಎನ್ನುತ್ತಾರೆ. ಬರೆಯಬಾರದಿತ್ತು ಅನ್ನಿಸುವುದಿಲ್ಲವೇ ಎಂದು ಕೇಳಿದರೆ ಅಕ್ಕ ಸೀಸೆಯ ಮುಚ್ಚಳ ತಿರುಗಿಸುತ್ತಲೇ ಇರುತ್ತಾರೆ. ಮುಂದಿನ ವಿಚಾರಣೆಗೆ ತಮ್ಮನ್ನೂ ಕರೆಯಲಿ ಎಂಬುದೊಂದೇ ಅವರ ಆಸೆ.

“ನಾನು ಕೊಂದೆ ಅಂತ ನಾನೇ ಬರೆದಿದ್ದೀನಿ. ಆ ಪುಟ ನಂಬೋರು ಈ ಮೂರು ವರ್ಷದ ಉಳಿದ ಪುಟಗಳನ್ನೂ ನಂಬಬೇಕಲ್ವಾ? ಅವನ್ನು ಬರೆದಿದ್ದೂ ಇದೇ ಕೈ.”