ಕಟಕೋಳದ ದಾರಿಯಲ್ಲಿ ಮಗುಚಿದ ಜೀಪು

ತೊಂಬತ್ತರ ದಶಕದ ಕೊನೆ. ನಾನಾಗ ರಾಮದುರ್ಗದಲ್ಲಿ ವೈದ್ಯಾಧಿಕಾರಿ. ಕಟಕೋಳದ ದಾರಿಯಲ್ಲಿ ಜೀಪು ಮಗುಚಿದೆಯೆಂದು ಸುದ್ದಿ ಬಂದ ಮಧ್ಯಾಹ್ನ ಆಂಬ್ಯುಲೆನ್ಸಿನಲ್ಲಿ ಧಾವಿಸಿದವರು ನಾನು ಮತ್ತು ನರ್ಸ್ ಶಾಂತಕ್ಕ. ಚಾಲಕ ಹುಸೇನನ ಕಾಲು ಜೀಪಿನಡಿ ಸಿಕ್ಕಿತ್ತು. ತೊಡೆಯಿಂದ ರಕ್ತ ಹರಿಯುತ್ತಿತ್ತು. ಪಕ್ಕದ ಊರಿನ ಗಂಡಸರೆಲ್ಲ ಅಲ್ಲೇ ಇದ್ದರು, ಆದರೆ ಹೊಲದ ಬದುವಿನಾಚೆ.

ಜೀಪಿನಲ್ಲಿ ಬಂದದ್ದು ಗಾಮಾ ಕ್ಯಾಮೆರಾ. ನೀರಿನ ಪೈಪುಗಳ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಎಕ್ಸ್-ರೇಯಂತೆ ತೋರಿಸುವ ಯಂತ್ರ. ಒಳಗೆ ವಿಕಿರಣ ಸೂಸುವ ಪುಟ್ಟ ತುಣುಕು, ಸುತ್ತಲೂ ಭಾರವಾದ ಲೋಹದ ಕವಚ. ಆ ಪೆಟ್ಟಿಗೆ ಜೀಪಿನಿಂದ ಎಗರಿ ದೂರದ ಜಾಲಿಕಂಟಿಯಲ್ಲಿ ಬಿದ್ದಿತ್ತು. ಪಾರಾಗಿದ್ದ ಟೆಕ್ನೀಶಿಯನ್ "ವಿಕಿರಣ ಐತಿ, ಯಾರೂ ಬರಬ್ಯಾಡ್ರಿ!" ಎಂದು ಕೂಗಿದ್ದೇ ತಡ, ಜನ ಹಿಂದೆ ಸರಿದಿದ್ದರು. ವಿಕಿರಣ ಅಳೆಯುವ ಮೀಟರ್ ಒಡೆದಿತ್ತು. ಬೇರೆಯದು ಬರುವತನಕ ಹುಸೇನ್ ಉಳಿಯುತ್ತಿರಲಿಲ್ಲ.

"ಪೆಟ್ಟಿಗಿ ಕೀಲಿ ಹಂಗ ಐತೇನು?" ಟೆಕ್ನೀಶಿಯನ್‌ನನ್ನು ಕೇಳಿದೆ.

"ಐತ್ರಿ, ಕವಚಾನೂ ಒಡದಿಲ್ಲ. ಆದ್ರ ಮೀಟರ್ ಇಲ್ದ ಖಾತ್ರಿ ಹೆಂಗ ಹೇಳ್ಲಿ?"

ಇಂಥ ಕಡೆ ಮೊದಲು ಜೀವ, ವಿಕಿರಣದ ಮಾತು ಆಮೇಲೆ ಎಂದು ತರಬೇತಿಯಲ್ಲಿ ಕಲಿಸಿದ್ದರು. ಶಾಂತಕ್ಕ ಆಗಲೇ ಕೈಗವಸು ತೊಟ್ಟು ಗಾಯ ಒತ್ತಿ ಹಿಡಿದಿದ್ದಳು. ಜೀಪು ಎತ್ತಲು ಮಾತ್ರ ನಮ್ಮಷ್ಟೇ ಜನರ ಬಲ ಸಾಲದು.

"ಬರ್ರಿ, ಕೈ ಹಚ್ರಿ!" ಎಂದೆ.

ಬದುವಿನಿಂದ ಹಿರಿಯ ಯಲ್ಲಪ್ಪ ಕೂಗಿದ: "ಬರಾಕೇನ್ರಿ, ಬರತೇವಿ. ಮುಟ್ಟಿ ಮನಿಗೆ ಹೋದ್ರ ಸಣ್ಣ ಮಕ್ಕಳಿಗೆ ಹತ್ತೂದಿಲ್ಲೇನು ಅದು?"

ವಿಕಿರಣ ತಗುಲಿದವನು ರೋಗದಂತೆ ಅದನ್ನು ಹಬ್ಬಿಸುವುದಿಲ್ಲ. ವಿಕಿರಣದ ಧೂಳು ಮೈಗೆ ಮೆತ್ತಿದ್ದರೂ ಬಟ್ಟೆ ಕಳಚಿ ತೊಳೆದುಕೊಂಡರೆ ಬಹುಪಾಲು ಹೋಗುತ್ತದೆ. ಇದನ್ನೆಲ್ಲ ಬಿಡಿಸಿ ಹೇಳಲು ಹೊತ್ತೆಲ್ಲಿತ್ತು?

"ಯಜ್ಜಾ, ಸತ್ತವರ ಮಣ್ಣಿಗೆ ಹೋಗಿ ಬಂದ್ರ ಏನ್ ಮಾಡ್ತೀರಿ?"

"ಅರಿವಿ ಹೊರಗ ಬಿಚ್ಚಿ, ಜಳಕಾ ಮಾಡಿ ಒಳಗ ಹೋಗ್ತೇವ್ರಿ."

"ಇವತ್ತೂ ಹಂಗ ಮಾಡ್ರಿ. ಮುಗೀತು."

ನರಳುತ್ತಲೇ ಹುಸೇನ್ ಅಂದ: "ಸಾಹೇಬ್ರ, ನಾ ಇನ್ನೂ ಸತ್ತಿಲ್ರೀ!"

ಯಾರೋ ನಕ್ಕರು. ಯಲ್ಲಪ್ಪ ಧೋತರ ಮೇಲಕ್ಕೆ ಕಟ್ಟಿ ಬದು ದಾಟಿದ, ಅವನ ಬೆನ್ನಿಗೇ ಉಳಿದವರೂ ಬಂದರು. ಜೀಪು ಎದ್ದಿತು, ಕಾಲು ಹೊರಬಂತು. ಹುಸೇನನ ಬಟ್ಟೆ ಕತ್ತರಿಸಿ ತೆಗೆದು, ಶುಭ್ರ ಚಾದರ ಸುತ್ತಿ ಆಸ್ಪತ್ರೆಗೆ ಒಯ್ದೆವು. ಗಂಡಸರು ಹೊಲದಲ್ಲೇ ಕೊಡದ ನೀರು ಸುರಿದುಕೊಂಡು, ಬಟ್ಟೆಗಳನ್ನು ಬೇರೆ ಗಂಟು ಕಟ್ಟಿಟ್ಟರು. ಮೀಟರ್ ಬಂದಾಗ ತಿಳಿಯಿತು: ಪೆಟ್ಟಿಗೆ ಸೋರಿರಲಿಲ್ಲ.

ಹೆದರಿದವರಿಗೆ ಹೆದರಬೇಡಿ ಎನ್ನುವುದಕ್ಕಿಂತ, ಮುಂದೇನು ಮಾಡಬೇಕೆಂದು ಹೇಳಬೇಕು. ನನ್ನ ವೃತ್ತಿ ಅದನ್ನು ಕಲಿಸಿದ್ದು ಅಂದು.

ಹುಸೇನ್ ವಾರ್ಡಿನಲ್ಲಿದ್ದಷ್ಟು ದಿನ ಆ ಊರಿನಿಂದ ರೊಟ್ಟಿಯ ಬುತ್ತಿ ಬರುತ್ತಿತ್ತು. ಮೊದಮೊದಲು ಗೇಟಿನ ಬಳಿ ಇಟ್ಟು ಹೋಗುತ್ತಿದ್ದರು. ಒಂದು ದಿನ ಯಲ್ಲಪ್ಪ ಒಳಗೆ ಬಂದ, ಹುಸೇನನ ಮಂಚದ ಮೇಲೆ ಕುಳಿತ, ಬುತ್ತಿ ಬಿಚ್ಚಿ ಇಬ್ಬರಿಗೂ ರೊಟ್ಟಿ ಮುರಿದ.